ಸಾಲಿಗ್ರಾಮ ಸಿಗುವ ಊರಿನಿಂದ

ಪ್ರೀತಿಯ ಗೆಳೆಯಾ,

ನಿನ್ನೆ ನೇಪಾಳದ ಮುಕ್ತಿನಾಥದಿಂದ ಕಾಳಿ ಗಂಡಕಿ ನದಿ ದಡದ ಕಾಗ್‌ಬೇನಿಗೆ ಇಳಿದು ಬಂದೆ. ಹೊರಗೆ ಗಾಳಿ ಎಷ್ಟು ಜೋರಾಗಿದೆ ಅಂದ್ರೆ, ಕಿಟಕಿ ಬಾಗಿಲೆಲ್ಲ ದಡದಡ ಅನ್ನುತ್ತಿವೆ. ಆಚೆ ಹೋಗೋ ಹಾಗಿಲ್ಲ. ನಿನಗೆ ಬರೆಯೋಣ ಅಂತ ಕೂತೆ.

ನೇಪಾಳ ಅಂದ್ರೆ ಬರೀ ಹಿಮ ಅಂದುಕೊಂಡಿದ್ದೆವು ಅಲ್ವಾ? ಸುನೌಲಿ ಗಡಿ ದಾಟಿದಾಗ ನನಗೆ ಕಂಡಿದ್ದು ಗೋಧಿ ಕೊಯ್ದ ಬಯಲು, ಮಾವಿನ ಮರ, ಬೆವರು ಕಿತ್ತುಬರೋ ಸೆಕೆ. ಅದು ತರಾಯಿ. ಸಮುದ್ರಮಟ್ಟದಿಂದ ಸುಮಾರು 100 ಮೀಟರ್ ಎತ್ತರ ಅಷ್ಟೇ. ದೇಶದ ಅರ್ಧಕ್ಕಿಂತ ಜಾಸ್ತಿ ಜನ ಇರೋದು ಈ ತೆಳ್ಳನೆಯ ಬಯಲಲ್ಲೇ. ಬುಟ್ವಲ್ ಪೇಟೆ ಮುಗಿಯೋ ಕಡೆ ಬಯಲೂ ಮುಗಿಯುತ್ತದೆ. ಅಲ್ಲಿಂದ ಪೋಖರಾವರೆಗೂ ಬರೀ ತಿರುವು, ಮೆಟ್ಟಿಲು ಮೆಟ್ಟಿಲಾಗಿ ಕಡಿದ ಗದ್ದೆಗಳು. ಇದೆಲ್ಲ ಪಹಾಡ್, ಅಂದರೆ ಗುಡ್ಡದ ಸೀಮೆ. ಹಿಮ ಹೊದ್ದಿದ್ದಕ್ಕೆ ಮಾತ್ರ ಇವರು ಹಿಮಾಲ್ ಅನ್ನೋದು. ನಮ್ಮ ಮುಳ್ಳಯ್ಯನಗಿರಿ 1,930 ಮೀಟರ್. ಇಲ್ಲಿ 3,210 ಮೀಟರ್ ಇರುವ ಪೂನ್ ಹಿಲ್ ಕೂಡ ಸುಮ್ನೆ ಒಂದು ಗುಡ್ಡ.

ನನಗೆ ನಿಜಕ್ಕೂ ಬೆರಗಾಗಿದ್ದು ಪೋಖರಾದಿಂದ ಈಚೆಗೆ. ಆ ಊರು ಇರೋದು 800 ಮೀಟರ್ ಎತ್ತರದಲ್ಲಿ, ಅದರ ಬೆನ್ನಿಗೇ ಅನ್ನಪೂರ್ಣಾ 8,091 ಮೀಟರ್ ಎದ್ದು ನಿಂತಿದೆ. ಮಳೆಗಾಲದ ಮೋಡಗಳು ಆ ಗೋಡೆಗೆ ಬಡಿದು ಈಚೆ ಬರಲಾಗದೆ ಅಲ್ಲೇ ಸುರಿದುಬಿಡುತ್ತವೆ. ಪೋಖರಾ ಹತ್ತಿರದ ಲುಮ್ಲೆಯಲ್ಲಿ ವರ್ಷಕ್ಕೆ 5,000 ಮಿಲಿಮೀಟರ್‌ಗಿಂತ ಜಾಸ್ತಿ ಮಳೆ. ಬೆಟ್ಟದ ಈಚೆ ಇರುವ ಜೋಮ್‌ಸೋಮ್‌ನಲ್ಲಿ 300 ದಾಟುವುದೇ ಕಷ್ಟ. ಆಗುಂಬೆಯಿಂದ ಹೊರಟು ಚಿತ್ರದುರ್ಗ ಸೇರಿದ ಹಾಗೆ. ತಾತೋಪಾನಿಯಲ್ಲಿ ಕಿತ್ತಳೆ ಮರ ನೋಡಿದೆ, ಅದಾಗಿ ಪೈನ್ ಕಾಡು, ಸಂಜೆಗೆ ಒಂದು ಮರವೂ ಇಲ್ಲದ ಕಂದು ಗುಡ್ಡ. ಎಲ್ಲ ಒಂದೇ ದಿನದ ಬಸ್ಸಿನಲ್ಲಿ! ಮನೆಗಳಿಗೂ ಇಳಿಜಾರು ಸೂರು ಹೋಗಿ ಮಣ್ಣಿನ ಮಟ್ಟಸ ಮಾಳಿಗೆ ಬಂತು, ಮಾಳಿಗೆಯ ಅಂಚಿಗೆ ಸೌದೆ ಜೋಡಿಸಿಟ್ಟಿದ್ದಾರೆ. ಮಳೆಯೇ ಇಲ್ಲದ ಮೇಲೆ ಇಳಿಜಾರು ಯಾಕೆ ಬೇಕು ಹೇಳು.

ಈ ಗಾಳಿಗೂ ಕಾರಣ ಇದೆ. ಬಿಸಿಲೇರುತ್ತಿದ್ದ ಹಾಗೆ ಬೆಟ್ಟದ ಈಚೆಗಿನ ಈ ಮುಸ್ತಾಂಗ್ ಸೀಮೆಯ ಬೋಳು ನೆಲ ಕಾದು ಅಲ್ಲಿನ ಗಾಳಿ ಮೇಲೇಳುತ್ತದೆ, ಆ ಜಾಗ ತುಂಬಲು ಕೆಳಗಿನ ಗಾಳಿ ಕಾಳಿ ಗಂಡಕಿಯ ಕಣಿವೆಯಲ್ಲೇ ನುಗ್ಗಿ ಬರಬೇಕು. ಬೇರೆ ದಾರಿ ಇಲ್ಲ. ಒಂದು ಕಡೆ ಧವಳಗಿರಿ, ಇನ್ನೊಂದು ಕಡೆ ಅನ್ನಪೂರ್ಣಾ, ನಡುವೆ ಸುಮಾರು 2,500 ಮೀಟರ್ ಎತ್ತರದಲ್ಲಿ ನದಿ. ಜೋಮ್‌ಸೋಮ್‌ಗೆ ವಿಮಾನ ಬೆಳಗ್ಗೆ ಮಾತ್ರ ಬರೋದೂ ಇದಕ್ಕೇ. ನದಿ ಬೆಟ್ಟಕ್ಕಿಂತ ಹಳೆಯದಂತೆ ಕಣೋ. ಬೆಟ್ಟ ಏಳುತ್ತಾ ಹೋಯಿತು, ಇದು ಕೊರೆಯುತ್ತಾ ಹೋಯಿತು. ಇಲ್ಲದಿದ್ದರೆ ಟಿಬೆಟ್ ಗಡಿಯ ಕಡೆ ಹುಟ್ಟಿದ ನೀರು ಇಷ್ಟು ದೊಡ್ಡ ಬೆಟ್ಟಸಾಲನ್ನು ದಾಟಿ ನಮ್ಮ ಗಂಗೆಗೆ ಹೇಗೆ ಸೇರಬೇಕು?

ಇವತ್ತು ಬೆಳಗ್ಗೆ, ಗಾಳಿ ಏಳುವ ಮುಂಚೆ, ನದಿಯ ಪಾತ್ರಕ್ಕೆ ಇಳಿದಿದ್ದೆ. ನೀರಿಗಿಂತ ಕಲ್ಲೇ ಜಾಸ್ತಿ. ಒಂದು ಕರಿಕಲ್ಲು ಎರಡು ಹೋಳಾಗಿ ಬಿದ್ದಿತ್ತು. ತಿರುಗಿಸಿ ನೋಡಿದರೆ ಒಳಗೆ ಟಗರಿನ ಕೊಂಬಿನ ಹಾಗೆ ಸುತ್ತಿಕೊಂಡ ಗೆರೆಗಳು. ಬೆರಳಿಟ್ಟರೆ ಒಂದೊಂದು ಏಣೂ ಕೈಗೆ ಸಿಗುತ್ತಿತ್ತು. ಅದು ಅಮೋನೈಟ್, ಸಮುದ್ರದ ಜೀವಿ. ಹಿಮಾಲಯ ಹುಟ್ಟುವ ಮೊದಲು ಇಲ್ಲಿದ್ದ ಟೆಥಿಸ್ ಸಮುದ್ರದಲ್ಲಿ, ಸುಮಾರು 15 ಕೋಟಿ ವರ್ಷದ ಹಿಂದೆ ಈಜಾಡಿಕೊಂಡಿದ್ದದ್ದು. ನಮ್ಮಜ್ಜಿ ದಿನಾ ತೊಳೆದು ತುಳಸಿ ಇಡುತ್ತಿದ್ದ ಸಾಲಿಗ್ರಾಮ ಬಂದಿದ್ದೂ ಇದೇ ನದಿಯಿಂದ. ಗಂಡಕಿ, ಗಂಡಕಿ ಅಂತ ಎಷ್ಟು ಸಲ ಹೇಳಿದ್ದಳು, ಒಂದು ಸಲವೂ ನೋಡಲಿಲ್ಲ. ನನಗೆ ಗಂಟಲು ಕಟ್ಟಿತು. ಆ ಹೋಳುಗಳನ್ನು ಜೋಡಿಸಿ ಅಲ್ಲೇ ಇಟ್ಟು ಬಂದೆ.

ನಿಮ್ಮನೆ ದೇವರ ಪೆಟ್ಟಿಗೆಯಲ್ಲೂ ಒಂದಿದೆಯಲ್ಲ, ಚಿಕ್ಕ ಬಾಯಿ ಇರೋದು. ಅಮ್ಮನನ್ನು ಕೇಳಿಕೊಂಡು, ಆ ಬಾಯಿಯೊಳಗೆ ಟಾರ್ಚ್ ಬಿಟ್ಟು ನೋಡು. ಏಣು ಕಾಣುತ್ತವಾ ಅಂತ ಬರಿ.

ನಿನ್ನ ಗೆಳೆಯ