ಪುಟ್ಟಿಗೆ, ಸ್ಕಾಲರ್‌ಶಿಪ್ ಅರ್ಜಿ ಹಾಕುವ ಮೊದಲು

ಪ್ರೀತಿಯ ಪುಟ್ಟಿ,

ಮೊನ್ನೆ ಫೋನಿನಲ್ಲಿ ನೀನು ಹೇಳಿದ ಮಾತು ನನ್ನ ತಲೆಯಿಂದ ಹೋಗುತ್ತಲೇ ಇಲ್ಲ. "ಬಿಡಿ ಅತ್ತೆ, ಸ್ಕಾಲರ್‌ಶಿಪ್ ಎಲ್ಲಾ ನಮಗೆ ಬರಲ್ಲ, ಸುಮ್ನೆ ಓಡಾಟ" ಅಂದೆ. ಎಂಜಿನಿಯರಿಂಗ್ ಸೀಟು ಸಿಕ್ಕಿ ಇನ್ನೂ ತಿಂಗಳಾಗಿಲ್ಲ. ಕಾಲೇಜಿನ ದಾರಿಯೇ ನಿನಗೆ ಸರಿಯಾಗಿ ಗೊತ್ತಾಗಿರಲಿಕ್ಕಿಲ್ಲ. ಅಷ್ಟರಲ್ಲಿ ಈ ಮಾತು ಎಲ್ಲಿಂದ ಬಂತು ಅಂತ ಯೋಚಿಸಿದೆ. ಇದು ನಿನ್ನ ಮಾತಲ್ಲ ಕಣೇ. ನಿಮ್ಮಪ್ಪನ ಮಾತು. ಇಪ್ಪತ್ತೈದು ವರ್ಷದಿಂದ ಅವನು ಇದೇ ಮಾತು ಆಡುತ್ತಿದ್ದಾನೆ. ಅವನು ಯಾಕೆ ಹಾಗಂತಾನೆ ಅನ್ನುವುದನ್ನು ಅವನಂತೂ ನಿನಗೆ ಹೇಳಿರುವುದಿಲ್ಲ, ಆದ್ದರಿಂದ ನಾನೇ ಹೇಳುತ್ತೇನೆ.

ನಮ್ಮ ತೆಂಗಿನ ತೋಟಕ್ಕೆ ನುಸಿ ಬಿದ್ದ ಕಾಲ ಅದು. ಕಾಯೆಲ್ಲಾ ಸೊರಗಿ ಉದುರುತ್ತಿದ್ದವು. ಕೊಬ್ಬರಿ ಮಾಡಿ ತಿಪಟೂರಿನ ಮಾರುಕಟ್ಟೆಗೆ ಒಯ್ಯುವಷ್ಟು ಕಾಯೇ ಅಟ್ಟದ ಮೇಲೆ ಇರಲಿಲ್ಲ. ನಿಮ್ಮಪ್ಪ ಆಗ ಬಿಕಾಂ ಎರಡನೇ ವರ್ಷ. ಶುಲ್ಕ ವಿನಾಯಿತಿಗೆ ಅರ್ಜಿ ಹಾಕಿದ್ದ. ಆದಾಯದ ಸರ್ಟಿಫಿಕೇಟಿನಲ್ಲಿ ನಮ್ಮಪ್ಪನ ಹೆಸರು ಒಂದು ತರಹ, ಅವನ ಟಿಸಿಯಲ್ಲಿ ಇನ್ನೊಂದು ತರಹ ಇತ್ತಂತೆ. ಕಾಲೇಜಿನ ಆಫೀಸಿನವರು ಅರ್ಜಿ ವಾಪಸ್ ಕೊಟ್ಟರು. ಸರಿ ಮಾಡಿಸಿಕೊಂಡು ಹೋಗುವಷ್ಟರಲ್ಲಿ ತಾರೀಖು ಮುಗಿದಿತ್ತು. ಮನೆಯಲ್ಲಿ ಯಾರಿಗೂ ಬಾಯಿ ಬಿಡಲಿಲ್ಲ. ಮೂರನೇ ವರ್ಷದ ಫೀಸು ಕಟ್ಟುವ ಹೊತ್ತಿಗೆ "ನನಗೆ ಓದು ಹತ್ತಲ್ಲ" ಅಂತ ಹೇಳಿ ತೋಟಕ್ಕೆ ಇಳಿದುಬಿಟ್ಟ. ಅವನಿಗೆ ಓದು ಹತ್ತುತ್ತಿತ್ತು ಪುಟ್ಟಿ, ಚೆನ್ನಾಗಿಯೇ ಹತ್ತುತ್ತಿತ್ತು. ನಿಜ ಸಂಗತಿ ನನಗೆ ಗೊತ್ತಾದದ್ದು ಎರಡು ವರ್ಷ ಆದ ಮೇಲೆ. ಅಷ್ಟೊತ್ತಿಗೆ ನಾನು ಬೇರೊಂದು ಕಾಲೇಜಿನಲ್ಲಿ ಇದೇ ಸ್ಕಾಲರ್‌ಶಿಪ್ ಟೇಬಲ್ಲಿನ ಹಿಂದೆ ಕೂತಿದ್ದೆ.

ಆ ಟೇಬಲ್ಲಿನಲ್ಲಿ 24 ವರ್ಷ ಕೆಲಸ ಮಾಡಿದೆ. ಹಣ ಬಾರದೇ ಹೋದ ಮಕ್ಕಳ ಮುಖಗಳು ಇನ್ನೂ ನೆನಪಿವೆ. ಅವರಲ್ಲಿ ಹೆಚ್ಚಿನವರಿಗೆ ಅರ್ಹತೆ ಇಲ್ಲದೆ ತಪ್ಪಿದ್ದಲ್ಲ. ಒಂದು ಅಕ್ಷರ, ಒಂದು ಇನಿಷಿಯಲ್, ಒಂದು ಬ್ಯಾಂಕ್ ಖಾತೆ, ಇಂಥ ಸಣ್ಣ ವಿಷಯಕ್ಕೆ ತಪ್ಪಿದ್ದು. ಆದ್ದರಿಂದ ಯಾವ ಯೋಜನೆಯಲ್ಲಿ ಎಷ್ಟು ಹಣ ಅಂತ ಆಮೇಲೆ ನೋಡೋಣ, ಮೊದಲು ಹೆಸರು ನೋಡು.

ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಆಧಾರ್ ಕಾರ್ಡ್, ಜಾತಿ ಮತ್ತು ಆದಾಯ ಪ್ರಮಾಣಪತ್ರ, ಈ ಮೂರನ್ನೂ ಒಂದರ ಪಕ್ಕ ಒಂದು ಇಟ್ಟುಕೊಂಡು ಅಕ್ಷರ ಅಕ್ಷರ ಓದು. ಕನ್ನಡದಲ್ಲೂ ಓದು, ಇಂಗ್ಲಿಷಿನಲ್ಲೂ ಓದು. ನಿನ್ನ ಅಂಕಪಟ್ಟಿಯಲ್ಲಿ ಬರೀ ಇನಿಷಿಯಲ್ ಇದೆ, ಆಧಾರಿನಲ್ಲಿ ಅಪ್ಪನ ಪೂರ್ತಿ ಹೆಸರು ಸೇರಿಕೊಂಡಿದೆ ಅಂತ ನಿಮ್ಮಮ್ಮ ಹೇಳಿದಳು. "ಇಷ್ಟಕ್ಕೆಲ್ಲಾ ಏನಾಗುತ್ತೆ" ಅಂತ ಬಿಡಬೇಡ. ಕಂಪ್ಯೂಟರಿಗೆ ಅವರಿಬ್ಬರೂ ಬೇರೆ ಬೇರೆ ಹುಡುಗಿಯರು. ಎರಡರಲ್ಲಿ ಆಧಾರನ್ನು ಸರಿ ಮಾಡಿಸು, ಅಂಕಪಟ್ಟಿಗೆ ಕೈ ಹಾಕಬೇಡ. ಅಂಕಪಟ್ಟಿ ತಿದ್ದಿಸಬೇಕಾದರೆ ಶಾಲೆಯಿಂದ ಬೋರ್ಡಿನವರೆಗೆ ಹೋಗಬೇಕು. ಆಧಾರ್ ಆದರೆ ಅಂಕಪಟ್ಟಿಯನ್ನೇ ದಾಖಲೆಯಾಗಿ ತೋರಿಸಿ ಕೇಂದ್ರದಲ್ಲೇ ಮುಗಿಸಬಹುದು. ಆದರೆ ಆಧಾರಿನಲ್ಲಿ ಹೆಸರು ಬದಲಿಸಲು ಜೀವನದಲ್ಲಿ ಎರಡೇ ಸಲ ಅವಕಾಶ. ಆಪರೇಟರ್ ಟೈಪ್ ಮಾಡುವಾಗ ಪರದೆಯ ಮೇಲೇ ಕಣ್ಣಿಟ್ಟಿರು, ಸ್ಲಿಪ್ಪು ಕೈಗೆ ಬಂದ ಮೇಲೆ ಅಲ್ಲೇ ನಿಂತು ಇನ್ನೊಮ್ಮೆ ಓದು.

ಇನ್ನು ಪ್ರಮಾಣಪತ್ರ. ಹಿಂದುಳಿದ ವರ್ಗಗಳ ಪಟ್ಟಿಯಲ್ಲಿ ನಮ್ಮದು ಪ್ರವರ್ಗ 2ಎ. ನಾಡಕಚೇರಿಯಲ್ಲಿ ಕೊಡುವ ಜಾತಿ ಮತ್ತು ಆದಾಯ ಪ್ರಮಾಣಪತ್ರಕ್ಕೆ 5 ವರ್ಷ ಮಾತ್ರ ಆಯಸ್ಸು. ನೀನು ಹೈಸ್ಕೂಲಿನಲ್ಲಿದ್ದಾಗ ಮಾಡಿಸಿದ್ದು ಈಗ ನಡೆಯುತ್ತದೋ ಇಲ್ಲವೋ, ಮೇಲಿನ ತಾರೀಖು ನೋಡು. ಅದರ ಮೇಲೆ ಆರ್‌ಡಿ ಅಂತ ಶುರುವಾಗುವ ಉದ್ದನೆಯ ನಂಬರ್ ಇರುತ್ತದೆ. ಅರ್ಜಿಯಲ್ಲಿ ಆ ನಂಬರ್ ಹಾಕಿದರೆ ಜಾತಿ, ಆದಾಯ ಎರಡೂ ತಾನಾಗಿಯೇ ಬಂದು ಕೂರುತ್ತವೆ. ಪ್ರಮಾಣಪತ್ರ ನಿನ್ನ ಹೆಸರಿನಲ್ಲೇ ಇರಬೇಕು, ಅಣ್ಣನದ್ದು ತೋರಿಸಿದರೆ ಆಗುವುದಿಲ್ಲ.

ಇಲ್ಲೇ ನಿಮ್ಮಪ್ಪ ತಡೆ ಹಾಕುತ್ತಿರುವುದು ಅಂತ ನನಗೆ ಗೊತ್ತು. ನಾಡಕಚೇರಿಗೆ ಹೋಗಿ, ಗ್ರಾಮ ಆಡಳಿತ ಅಧಿಕಾರಿಯ ಮುಂದೆ ನಿಂತು "ನನ್ನ ವರ್ಷದ ಆದಾಯ ಇಷ್ಟೇ" ಅಂತ ಬರೆಸುವುದು ಅವನಿಗೆ ಕಷ್ಟ. ಊರಿನಲ್ಲಿ ತಲೆಯೆತ್ತಿ ನಡೆದವನು, ನಾಲ್ಕು ಜನಕ್ಕೆ ಕೊಟ್ಟು ಅಭ್ಯಾಸವೇ ಹೊರತು ಕೇಳಿ ಅಭ್ಯಾಸವಿಲ್ಲ. ಅವನ ಜೊತೆ ಜಗಳ ಆಡಬೇಡ ಪುಟ್ಟಿ. ನಿಧಾನವಾಗಿ ಕೂರಿಸಿಕೊಂಡು ಮಾತಾಡು. ನಿನ್ನ ತಾತ ಸಿದ್ಧಗಂಗೆ ಮಠದಲ್ಲಿ ಉಂಡು ಓದಿದವರು ಅಂತ ನೆನಪು ಮಾಡಿಕೊಡು. ಅದನ್ನು ಅವರು ಕೊನೆಯವರೆಗೂ ಎಷ್ಟು ಸಂತೋಷದಿಂದ ಹೇಳಿಕೊಳ್ಳುತ್ತಿದ್ದರು! ಮಠದ ಅನ್ನ ಉಂಡೆ ಅಂತ ನಾಚಿಕೆ ಪಟ್ಟವರಲ್ಲ. ಮತ್ತೆ ಸರ್ಕಾರದ್ದು ಯಾರೋ ಕೈಯೆತ್ತಿ ಕೊಡುವ ಭಿಕ್ಷೆಯೂ ಅಲ್ಲ. ಪರಿಶಿಷ್ಟ ಜಾತಿಯ ಮಕ್ಕಳಿಗೆ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ಶುರುವಾದದ್ದು 1944ರಲ್ಲಿ, ಅಂಬೇಡ್ಕರ್ ಅವರು ವೈಸರಾಯ್ ಮಂಡಳಿಯಲ್ಲಿ ಕೂತಿದ್ದ ಕಾಲದಲ್ಲಿ. ನಮ್ಮಂಥ ಹಿಂದುಳಿದವರ ಪಟ್ಟಿಗೆ ದೇವರಾಜ ಅರಸರ ಕಾಲದ ಹಾವನೂರು ಆಯೋಗ ಊರೂರು ತಿರುಗಬೇಕಾಯಿತು, 1975ರಲ್ಲಿ ವರದಿ ಬಂತು. ಅಷ್ಟೆಲ್ಲಾ ಜನ ಹೊಡೆದಾಡಿ ಮಾಡಿಟ್ಟ ದಾರಿಯಲ್ಲಿ ನಡೆಯುವುದಕ್ಕೆ ನಾವು ಸಂಕೋಚ ಪಡಬೇಕಾ ಹೇಳು?

ಆದಾಯವನ್ನು ಮಾತ್ರ ಇದ್ದದ್ದು ಇದ್ದ ಹಾಗೆ ಬರೆಸಿ. ಕಡಿಮೆ ಮಾಡಿಸಿಕೊಡುತ್ತೇನೆ ಅನ್ನುವವರು ಎಲ್ಲಾ ಊರಿನಲ್ಲೂ ಇರುತ್ತಾರೆ. ಹತ್ತಿರ ಸೇರಿಸಬೇಡ. ನಿಜ ಬರೆದರೂ ನಿನಗೆ ಬೇಕಾದಷ್ಟು ದಾರಿ ಇದೆ.

ದಾರಿಗಳಲ್ಲಿ ಎರಡು ಬಾಗಿಲು. ಒಂದು ನಮ್ಮ ರಾಜ್ಯದ್ದು, ಎಸ್‌ಎಸ್‌ಪಿ ಅಂದರೆ ಸ್ಟೇಟ್ ಸ್ಕಾಲರ್‌ಶಿಪ್ ಪೋರ್ಟಲ್. ಇನ್ನೊಂದು ಕೇಂದ್ರದ್ದು, ಎನ್‌ಎಸ್‌ಪಿ ಅಂದರೆ ನ್ಯಾಷನಲ್ ಸ್ಕಾಲರ್‌ಶಿಪ್ ಪೋರ್ಟಲ್. ಹೆಸರು ಒಂದೇ ತರಹ ಕೇಳಿಸುತ್ತದೆ, ಒಂದರಲ್ಲಿ ಹಾಕಿ ಎರಡರಲ್ಲೂ ಹಾಕಿದೆ ಅಂದುಕೊಂಡ ಮಕ್ಕಳನ್ನು ಬೇಕಾದಷ್ಟು ನೋಡಿದ್ದೇನೆ.

ಎಸ್‌ಎಸ್‌ಪಿಯಲ್ಲಿ ಶುಲ್ಕ ವಿನಾಯಿತಿ, ವಿದ್ಯಾರ್ಥಿವೇತನ, ವಿದ್ಯಾಸಿರಿ ಎಲ್ಲಕ್ಕೂ ಒಂದೇ ಅರ್ಜಿ. ವಿದ್ಯಾಸಿರಿ ಅಂದರೆ ಹಾಸ್ಟೆಲ್ ಸಿಗದ ಮಕ್ಕಳ ಊಟ ವಸತಿಗೆ ಕೊಡುವ ಹಣ. 2013ರಲ್ಲಿ ಶುರುವಾದಾಗ ತಿಂಗಳಿಗೆ 1,500ರಂತೆ ವರ್ಷಕ್ಕೆ 10 ತಿಂಗಳು ಅಂತ ಇತ್ತು. ಸರ್ಕಾರಿ ಹಾಸ್ಟೆಲ್ ಸಿಕ್ಕಿದರೆ ಇದು ಬರುವುದಿಲ್ಲ, ಸಿಗದಿದ್ದರೆ ಇದು. ನನ್ನ ಮಾತು ಕೇಳುವುದಾದರೆ ಮೊದಲು ಹಿಂದುಳಿದ ವರ್ಗಗಳ ಹೆಣ್ಣುಮಕ್ಕಳ ಹಾಸ್ಟೆಲ್ಲಿಗೆ ಪ್ರಯತ್ನ ಮಾಡು. ಅದರ ಅರ್ಜಿ ಬೇರೆ. ಪಿಜಿಯ ಬಾಡಿಗೆ ಈಗ ಎಷ್ಟಿದೆ ಅಂತ ನಿನಗೇ ಗೊತ್ತು.

ಎಸ್‌ಎಸ್‌ಪಿಯಲ್ಲಿ ನಿನ್ನ ದಾಖಲೆಗಳಿಗೆ ಇ-ದೃಢೀಕರಣ ಅಂತ ಮಾಡಿಸಬೇಕಾಗುತ್ತದೆ. ಕಾಲೇಜಿನಲ್ಲಿ ಅದಕ್ಕೆ ಅಂತಲೇ ಒಬ್ಬರು ಇರುತ್ತಾರೆ, ವ್ಯಾಸಂಗ ಪ್ರಮಾಣಪತ್ರ, ಫೀಸಿನ ರಸೀದಿ ಅವರ ಹತ್ತಿರ ಒಯ್ಯಬೇಕು. ಅವರು ಕೊಡುವ ನಂಬರನ್ನು ಅರ್ಜಿಯಲ್ಲಿ ಹಾಕಬೇಕು. ಕೊನೆಯ ವಾರ ಆ ಟೇಬಲ್ಲಿನ ಮುಂದೆ ಜಾತ್ರೆ ಇರುತ್ತದೆ, ಸರ್ವರ್ ಬೇರೆ ಸುತ್ತುತ್ತಲೇ ಇರುತ್ತದೆ. ಆ ಟೇಬಲ್ಲಿನ ಹಿಂದೆ ಕೂತವಳಾಗಿ ಹೇಳುತ್ತೇನೆ, ಮೊದಲ ವಾರ ಬಂದ ಮಗುವಿನ ಅರ್ಜಿಯನ್ನು ನಾನು ಸಾಲು ಸಾಲು ಓದುತ್ತಿದ್ದೆ, ತಪ್ಪಿದ್ದರೆ ಕರೆದು ಹೇಳುತ್ತಿದ್ದೆ. ಕೊನೆಯ ದಿನ ಬಂದವರದ್ದನ್ನು ಓದುವುದಕ್ಕೆ ಆಗುತ್ತಿರಲಿಲ್ಲ. ಅದು ನನಗೆ ಈಗಲೂ ಬೇಸರ. ನಿಮ್ಮಪ್ಪನ ಅರ್ಜಿಯನ್ನೂ ಯಾರೋ ಒಬ್ಬರು ಹಾಗೆಯೇ ಕೊನೆಯ ದಿನದ ಗಡಿಬಿಡಿಯಲ್ಲಿ ವಾಪಸ್ ಕೊಟ್ಟಿರಬೇಕು.

ಎನ್‌ಎಸ್‌ಪಿಯಲ್ಲಿ ಮೊದಲು ಒನ್ ಟೈಮ್ ರಿಜಿಸ್ಟ್ರೇಷನ್ ಮಾಡಬೇಕು, 14 ಅಂಕಿಯ ನಂಬರ್ ಬರುತ್ತದೆ, ಮೊಬೈಲಿನಲ್ಲೇ ಮುಖ ತೋರಿಸಿ ದೃಢೀಕರಿಸಬಹುದು. ಅಲ್ಲಿ ನೀನು ಮೊದಲು ನೋಡಬೇಕಾದ್ದು ಪ್ರಗತಿ ಅನ್ನುವ ಸ್ಕಾಲರ್‌ಶಿಪ್. ತಾಂತ್ರಿಕ ಶಿಕ್ಷಣವನ್ನು ನೋಡಿಕೊಳ್ಳುವ ಕೇಂದ್ರದ ಸಂಸ್ಥೆ ಎಐಸಿಟಿಇಯವರು ಎಂಜಿನಿಯರಿಂಗ್, ಡಿಪ್ಲೊಮಾ ಓದುವ ಹೆಣ್ಣುಮಕ್ಕಳಿಗೇ ಅಂತ ಕೊಡುವುದು ಇದು. ವರ್ಷಕ್ಕೆ 50,000. ಮನೆಯ ಆದಾಯ ವರ್ಷಕ್ಕೆ 8 ಲಕ್ಷ ದಾಟಿರಬಾರದು, ಒಂದು ಮನೆಯಲ್ಲಿ ಇಬ್ಬರು ಹೆಣ್ಣುಮಕ್ಕಳವರೆಗೆ ಸಿಗುತ್ತದೆ. ಎಲ್ಲರಿಗೂ ಸಿಗುವುದಿಲ್ಲ, ಅಂಕ ನೋಡುತ್ತಾರೆ. ನಿನ್ನ ಪಿಯುಸಿ ಅಂಕ ಚೆನ್ನಾಗಿದೆ, ಹಾಕದೆ ಇರಬೇಡ. ಅದೇ ಪೋರ್ಟಲ್ಲಿನಲ್ಲಿ ಪಿಯುಸಿಯಲ್ಲಿ ಮೇಲಿನ ಸಾಲಿನಲ್ಲಿದ್ದವರಿಗೆ ಇನ್ನೊಂದು ಇದೆ, ಮೊದಲ ಮೂರು ವರ್ಷ 12,000, ನಾಲ್ಕನೇ ವರ್ಷ 20,000, ಅದರ ಆದಾಯದ ಮಿತಿ ನಾಲ್ಕೂವರೆ ಲಕ್ಷ.

ಆದರೆ ಒಂದನ್ನು ಗಮನವಿಟ್ಟು ಓದು. ಕೇಂದ್ರದ ಈ ಹಣ ತೆಗೆದುಕೊಂಡರೆ ಬೇರೆ ಸರ್ಕಾರಿ ಸ್ಕಾಲರ್‌ಶಿಪ್ ತೆಗೆದುಕೊಳ್ಳುವಂತಿಲ್ಲ ಅನ್ನುವ ಷರತ್ತು ಇರುತ್ತದೆ. ಆದ್ದರಿಂದ ಮಂಜೂರಾದ ಮೇಲೆ ಯಾವುದು ಜಾಸ್ತಿ ಅಂತ ಲೆಕ್ಕ ಹಾಕಿ ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ಬಿಡು. ಎರಡನ್ನೂ ಗುಟ್ಟಾಗಿ ತೆಗೆದುಕೊಂಡರೆ ಆಮೇಲೆ ವಾಪಸ್ ಕಟ್ಟಿಸಿಕೊಳ್ಳುತ್ತಾರೆ, ಆ ಹೊತ್ತಿಗೆ ಹಣ ಖರ್ಚಾಗಿರುತ್ತದೆ.

ಅರ್ಜಿ ಹಾಕಿದ ಮೇಲೆ ಕೆಲಸ ಮುಗಿಯಿತು ಅಂತಲ್ಲ. ಎನ್‌ಎಸ್‌ಪಿಯಲ್ಲಿ ಏನಾದರೂ ಕೊರತೆ ಕಂಡರೆ ಕಾಲೇಜಿನವರು "ಡಿಫೆಕ್ಟಿವ್" ಅಂತ ವಾಪಸ್ ಕಳಿಸುತ್ತಾರೆ. ಹೆದರಿಕೊಳ್ಳಬೇಡ, ತಿರಸ್ಕಾರ ಆಯಿತು ಅಂತ ಅರ್ಥ ಅಲ್ಲ, ತಿದ್ದಿ ಮತ್ತೆ ಹಾಕು ಅಂತ. ಹದಿನೈದು ದಿನಕ್ಕೊಮ್ಮೆ ಲಾಗಿನ್ ಆಗಿ ಸ್ಟೇಟಸ್ ನೋಡದಿದ್ದರೆ ನಿನಗೆ ಅದು ಗೊತ್ತೇ ಆಗುವುದಿಲ್ಲ. ಈ ಕಾರಣಕ್ಕೇ ಸೈಬರ್ ಸೆಂಟರಿನವನ ಮೊಬೈಲ್ ನಂಬರ್ ಹಾಕಿಸಬೇಡ ಅನ್ನುವುದು. ಒಟಿಪಿ, ಪಾಸ್‌ವರ್ಡ್ ಎಲ್ಲಾ ಅವನಿಗೆ ಹೋಗುತ್ತದೆ, ಮುಂದಿನ ವರ್ಷ ಅವನು ನಂಬರ್ ಬದಲಿಸಿರುತ್ತಾನೆ, ನೀನು ನಿನ್ನದೇ ಅರ್ಜಿಯ ಹೊರಗೆ ನಿಲ್ಲಬೇಕಾಗುತ್ತದೆ. ಎಂಜಿನಿಯರ್ ಆಗುವ ಹುಡುಗಿ ನೀನು, ನಿನ್ನ ಅರ್ಜಿ ನೀನೇ ತುಂಬು. ಮತ್ತೆ ಪ್ರತಿ ವರ್ಷವೂ ಹಾಕಬೇಕು, ಒಂದು ಸಲ ಹಾಕಿದರೆ ನಾಲ್ಕು ವರ್ಷ ಬರುತ್ತದೆ ಅಂದುಕೊಳ್ಳಬೇಡ.

ಬ್ಯಾಂಕಿನ ವಿಷಯ. ಹಣ ಬರುವುದು ನೀನು ಬರೆದುಕೊಟ್ಟ ಖಾತೆಗೆ ಅಲ್ಲ, ಆಧಾರಿಗೆ ಜೋಡಣೆ ಆಗಿರುವ ಖಾತೆಗೆ. ಬ್ಯಾಂಕಿಗೆ ಹೋಗಿ "ಎನ್‌ಪಿಸಿಐ ಮ್ಯಾಪಿಂಗ್ ಮಾಡಿಕೊಡಿ" ಅಂತ ಕೇಳು, ಸರ್ಕಾರದ ಹಣ ಬಂದು ಬೀಳುವ ಹಾಗೆ ಖಾತೆಯನ್ನು ಆಧಾರಿಗೆ ಜೋಡಿಸುವುದಕ್ಕೆ ಹಾಗನ್ನುತ್ತಾರೆ. ಬರೀ "ಆಧಾರ್ ಲಿಂಕ್" ಅಂದರೆ ಅವರು ಇನ್ನೇನೋ ಮಾಡಿ ಕಳಿಸುತ್ತಾರೆ. ಆಧಾರ್ ವೆಬ್‌ಸೈಟಿನಲ್ಲಿ ಯಾವ ಬ್ಯಾಂಕಿಗೆ ಜೋಡಣೆ ಆಗಿದೆ ಅಂತ ನೀನೇ ನೋಡಬಹುದು. ಆಫರ್ ಇದೆ ಅಂತ ಮೊಬೈಲಿನಲ್ಲಿ ಹೊಸ ಖಾತೆ ತೆರೆದರೆ ಕೆಲವು ಸಲ ಜೋಡಣೆ ಅಲ್ಲಿಗೆ ಹೋಗಿ ಕೂರುತ್ತದೆ. ನಮ್ಮ ಕಾಲೇಜಿನಲ್ಲಿ ಒಬ್ಬ ಹುಡುಗ ಎರಡು ವರ್ಷ ನನ್ನ ಟೇಬಲ್ಲಿಗೆ ಅಲೆದ. ಹುಡುಕಿದರೆ ಅವನ ಹಣ ಅವನೇ ಮರೆತಿದ್ದ ಒಂದು ಖಾತೆಯಲ್ಲಿ ಭದ್ರವಾಗಿ ಕೂತಿತ್ತು. ಅವತ್ತು ಅವನು ಅಲ್ಲೇ ಅತ್ತುಬಿಟ್ಟ, ನನಗೂ ತಡೆಯಲಾಗಲಿಲ್ಲ.

ಸಾಲದ ವಿಷಯ ಈಗ ಬೇಡ. ಇದೆಲ್ಲಾ ಆದ ಮೇಲೂ ಕಡಿಮೆ ಬಿದ್ದರೆ ವಿದ್ಯಾಲಕ್ಷ್ಮಿ ಪೋರ್ಟಲ್ ಇದೆ, ಶಿಕ್ಷಣ ಸಾಲಕ್ಕೆ ಅಲ್ಲಿ ಅರ್ಜಿ ಹಾಕಬಹುದು. ಅದನ್ನು ನಾನೇ ಜೊತೆ ಕೂತು ನೋಡುತ್ತೇನೆ. ಕೈಸಾಲ ಮಾತ್ರ ನಿಮ್ಮಪ್ಪ ಯಾರ ಹತ್ತಿರವೂ ಮಾಡಬಾರದು, ತೋಟದ ಪಹಣಿ ಯಾರ ಕೈಗೂ ಹೋಗಬಾರದು.

ಅಂದಹಾಗೆ ತಮ್ಮನಿಗೂ ಹೇಳು, ಅವನು ಪಿಯುಸಿಗೆ ಬಂದಾಗ ಸಿಇಟಿ ಅರ್ಜಿಯಲ್ಲೇ ಆದಾಯದ ಆರ್‌ಡಿ ನಂಬರ್ ಸರಿಯಾಗಿ ಹಾಕಲಿ. ಎಂಜಿನಿಯರಿಂಗಿನಲ್ಲಿ ಕಡಿಮೆ ಆದಾಯದ ಮನೆಯ ಮಕ್ಕಳಿಗೆ ಎಸ್‌ಎನ್‌ಕ್ಯೂ ಅಂತ ಶೇಕಡಾ 5ರಷ್ಟು ಹೆಚ್ಚುವರಿ ಸೀಟು ಇರುತ್ತವೆ, ಅದರಲ್ಲಿ ಬೋಧನಾ ಶುಲ್ಕ ಇಲ್ಲ. ನಿನ್ನ ವಿಷಯದಲ್ಲಿ ಇದನ್ನು ಮೊದಲೇ ಹೇಳಬೇಕಿತ್ತು, ಹೇಳಲಿಲ್ಲ. ಅದು ನನ್ನ ತಪ್ಪು.

ಭಾನುವಾರ ನಾನು ಊರಿಗೆ ಬರುತ್ತೇನೆ. ಅಷ್ಟರಲ್ಲಿ ಆ ಮೂರು ಕಾಗದ, ನಿನ್ನ ಪಾಸ್‌ಬುಕ್, ಫೀಸಿನ ರಸೀದಿ ಒಂದು ಫೈಲಿನಲ್ಲಿ ಹಾಕಿಟ್ಟಿರು. ಸೋಮವಾರ ಬೆಳಿಗ್ಗೆ ನಾಡಕಚೇರಿಗೆ ನಾನು, ನೀನು, ನಿಮ್ಮಪ್ಪ ಮೂವರೂ ಹೋಗೋಣ. ಅವನಿಗೆ ಏನೂ ಹೇಳಬೇಡ, ಅಕ್ಕ ಕರೆದರೆ ಅವನು ಬಂದೇ ಬರುತ್ತಾನೆ.

ಇಂತಿ ನಿನ್ನ ಪ್ರೀತಿಯ
ಅತ್ತೆ