ಇನ್ನು ಮುಂದೆ ಮೊದಲು ಡಿಸ್ಕ್, ಆಮೇಲೆ ರ‍್ಯಾಮ್

ನಮಸ್ಕಾರ,

ನೇರವಾಗಿ ವಿಷಯಕ್ಕೆ ಬರುತ್ತೇವೆ. "ಕಂಪ್ಯೂಟರ್ ಸ್ಲೋ ಆಗಿದೆ, ಸ್ವಲ್ಪ ರ‍್ಯಾಮ್ ಜಾಸ್ತಿ ಮಾಡಿಕೊಡಿ" ಅಂತ ಹಳೇ ಮಷೀನ್ ತಂದವರಿಗೆ ಮುಂದಿನ ತಿಂಗಳಿಂದ ನಾವು ಸುಮ್ನೆ ರ‍್ಯಾಮ್ ಹಾಕಿ ಕಳಿಸುವುದಿಲ್ಲ (ರ‍್ಯಾಮ್ ಅಂದರೆ ಕೆಲಸ ನಡೆಯುವಾಗ ಬಳಕೆಯಾಗುವ ತಾತ್ಕಾಲಿಕ ಮೆಮೊರಿ). ಮೊದಲು ಡಿಸ್ಕ್, ಅಂದರೆ ನಿಮ್ಮ ಫೈಲುಗಳೆಲ್ಲ ಉಳಿಯುವ ಭಾಗ, ನೋಡುತ್ತೇವೆ. ಅದು ಹೇಗಿದೆ ಅಂತ ನಿಮಗೂ ತೋರಿಸುತ್ತೇವೆ. ನಿಮ್ಮ ಫೈಲುಗಳ ಇನ್ನೊಂದು ಕಾಪಿ ಬೇರೆ ಕಡೆ ಇದೆ ಅಂತ ಖಾತ್ರಿಯಾದ ಮೇಲೆಯೇ ಸ್ಕ್ರೂ ಬಿಚ್ಚುತ್ತೇವೆ. ಅರ್ಧ ಗಂಟೆಯಲ್ಲಿ ಮುಗಿಯುತ್ತಿದ್ದ ಕೆಲಸಕ್ಕೆ ಇನ್ನು ಒಂದು ದಿನ ಬೇಕಾಗಬಹುದು. ಕೆಲವರಿಗೆ ಕಿರಿಕಿರಿ ಆಗುತ್ತದೆ, ಗೊತ್ತು. ಯಾಕೆ ಹೀಗೆ ಅಂತ ಹೇಳಬೇಕಲ್ವಾ, ಅದಕ್ಕೇ ಈ ಪತ್ರ.

ಇದಕ್ಕೆ ಕಾರಣ ನಮ್ಮದೇ ಒಂದು ತಪ್ಪು. ನಮ್ಮ ಹಳೇ ಗ್ರಾಹಕರೊಬ್ಬರು ಡೆಸ್ಕ್‌ಟಾಪ್ ತಂದಿದ್ದರು. ಅದರಲ್ಲಿ 4 ಜಿಬಿ ರ‍್ಯಾಮ್ ಇತ್ತು, 8 ಮಾಡಿ ಅಂದರು, ಮಾಡಿದೆವು. ಆನ್ ಮಾಡಿದರೆ ಮೊದಲಿನ ಹಾಗೇ ನಾಲ್ಕು ನಿಮಿಷ ತೆಗೆದುಕೊಂಡಿತು. ಅವರು ದಾಕ್ಷಿಣ್ಯಕ್ಕೆ ಏನೂ ಅನ್ನಲಿಲ್ಲ, ನಾವೂ "ಸ್ವಲ್ಪ ದಿನ ಬಳಸಿ ನೋಡಿ" ಅಂತ ಸಾಗಹಾಕಿದೆವು. ಮೂರು ವಾರಕ್ಕೆ ಅದೇ ಪೆಟ್ಟಿಗೆ ವಾಪಸ್ ಬಂತು. ಕಿವಿ ಹತ್ತಿರ ಹಿಡಿದರೆ ಒಳಗಿಂದ ಟಿಕ್, ಟಿಕ್, ಟಿಕ್, ಆಮೇಲೆ ಒಂದು ಕ್ಷಣ ಮೌನ, ಮತ್ತೆ ಟಿಕ್. ಹಾರ್ಡ್ ಡಿಸ್ಕ್ ಕೈಕೊಡುವಾಗ ಬರುವ ಸದ್ದು ಅದು, ಈ ಕೆಲಸದಲ್ಲಿ ಇರುವವರಿಗೆ ಕೇಳಿದರೆ ಹೊಟ್ಟೆಯೊಳಗೆ ಏನೋ ಆಗುತ್ತದೆ. ಮಗುವಿನ ಹುಟ್ಟಿನಿಂದ ಶಾಲೆ ಸೇರುವವರೆಗಿನ ಫೋಟೊಗಳೆಲ್ಲ ಅದರಲ್ಲೇ ಇದ್ದವು, ಬೇರೆಲ್ಲೂ ಇರಲಿಲ್ಲ. ಅರ್ಧದಷ್ಟು ತೆಗೆದುಕೊಟ್ಟೆವು. ಇನ್ನರ್ಧ ಹೋಯಿತು.

ರ‍್ಯಾಮ್ ಹಾಕಿದ ದಿನ ಎರಡು ನಿಮಿಷ ಕೊಟ್ಟು ಡಿಸ್ಕಿನ ಸ್ಮಾರ್ಟ್ ವರದಿ ನೋಡಿದ್ದರೆ ಬಹುಶಃ ಗೊತ್ತಾಗುತ್ತಿತ್ತು. ಪ್ರತಿ ಹಾರ್ಡ್ ಡಿಸ್ಕೂ ತನ್ನ ಆರೋಗ್ಯದ ಲೆಕ್ಕ ತಾನೇ ಬರೆದಿಟ್ಟುಕೊಳ್ಳುತ್ತದೆ. ಎಷ್ಟು ಗಂಟೆ ಓಡಿದೆ, ಎಷ್ಟು ಸೆಕ್ಟರ್ (ಡಿಸ್ಕಿನ ಸಣ್ಣ ಸಣ್ಣ ಖಾನೆ) ಕೆಟ್ಟು ಬದಲಿ ಜಾಗಕ್ಕೆ ಹೋಗಿವೆ, ಎಷ್ಟು ಸೆಕ್ಟರ್ ಓದಲು ಬಾರದೆ 'ಪೆಂಡಿಂಗ್' ಆಗಿವೆ, ಎಲ್ಲ ಅದರಲ್ಲಿ ಇರುತ್ತದೆ. ಈ ಕೊನೆಯ ಎರಡು ಅಂಕಿ ಸೊನ್ನೆ ಇದ್ದರೆ ಸಮಾಧಾನ. ಏರುತ್ತಾ ಹೋಗುತ್ತಿದ್ದರೆ ಡಿಸ್ಕ್ ಕೈಕೊಡುವ ದಾರಿಯಲ್ಲಿದೆ ಅಂತಲೇ ತಿಳಿಯಬೇಕು. ಹಾಗಂತ ವರದಿ ಚೆನ್ನಾಗಿದೆ ಅಂದರೆ ಡಿಸ್ಕ್ ಗಟ್ಟಿ ಅಂತಲೂ ಅಲ್ಲ, ಯಾವ ಸೂಚನೆಯನ್ನೂ ಕೊಡದೆ ಸತ್ತ ಡಿಸ್ಕುಗಳೂ ಇವೆ. ಅದಕ್ಕೇ ಕಾಪಿ ಬೇಕೇ ಬೇಕು ಅಂತ ಹಟ ಹಿಡಿದಿರುವುದು.

ಇನ್ನು ಸ್ಪೀಡಿನ ವಿಷಯ. ಹಾರ್ಡ್ ಡಿಸ್ಕ್ ಒಳಗೆ ತಟ್ಟೆ ನಿಮಿಷಕ್ಕೆ 5400 ಅಥವಾ 7200 ಸುತ್ತು ತಿರುಗುತ್ತದೆ, ಒಂದು ಸಣ್ಣ ತೋಳು ಅತ್ತಿಂದಿತ್ತ ಓಡಾಡಿ ಬೇಕಾದ ಜಾಗ ಹುಡುಕುತ್ತದೆ. ಒಂದು ಸಲ ಹುಡುಕಲು 10 ಮಿಲಿಸೆಕೆಂಡ್ ಆಸುಪಾಸು. ಕೇಳಲು ಕಮ್ಮಿ ಅನಿಸುತ್ತದೆ, ಆದರೆ ಲೆಕ್ಕ ಹಾಕಿ: ಸೆಕೆಂಡಿಗೆ ನೂರು ಹುಡುಕಾಟ, ಅಷ್ಟೇ. ವಿಂಡೋಸ್ ಶುರುವಾಗುವಾಗ ಚೆಲ್ಲಾಪಿಲ್ಲಿಯಾಗಿ ಬಿದ್ದಿರುವ ಸಾವಿರಾರು ಚಿಕ್ಕ ಚಿಕ್ಕ ಫೈಲು ಓದಬೇಕು, ನೀವು ಮೌಸ್ ಹಿಡಿದುಕೊಂಡು ಕಾಯುವುದು ಆ ತೋಳು ಓಡಾಡಿ ಮುಗಿಸಲಿ ಅಂತ. ಎಸ್‌ಎಸ್‌ಡಿಯಲ್ಲಿ (ಹಾರ್ಡ್ ಡಿಸ್ಕಿನ ಬದಲು ಹಾಕುವ, ಚಿಪ್‌ಗಳಲ್ಲಿ ಫೈಲು ಉಳಿಸುವ ಡಿಸ್ಕ್) ತಿರುಗುವುದು ಏನೂ ಇಲ್ಲ, ಇಂಥ ಕೆಲಸ ಸೆಕೆಂಡಿಗೆ ಹತ್ತಾರು ಸಾವಿರ ಮಾಡುತ್ತದೆ. ಹಳೇ ಮಷೀನಿಗೆ ಜೀವ ಬಂತು ಅಂತ ಜನ ಹೇಳುವುದು ಇದಕ್ಕೇ. ನಿಮ್ಮ ಬೋರ್ಡಿನಲ್ಲಿ ಹಳೇ ಸಾಟಾ 2 ಪೋರ್ಟ್ (ಡಿಸ್ಕ್ ಜೋಡಿಸುವ ಜಾಗ) ಇದ್ದರೆ ಡಬ್ಬದ ಮೇಲೆ ಬರೆದಿರುವ ಸೆಕೆಂಡಿಗೆ 550 ಎಂಬಿ ಸಿಗುವುದಿಲ್ಲ, ಅದರ ಅರ್ಧ ಸಿಗುತ್ತದೆ. ತಲೆ ಕೆಡಿಸಿಕೊಳ್ಳಬೇಡಿ. ದಿನದ ಕೆಲಸದಲ್ಲಿ ಅದು ಗೊತ್ತೇ ಆಗುವುದಿಲ್ಲ, ಹುಡುಕಾಟ ನಿಂತಿತಲ್ಲ, ಲಾಭ ಇರುವುದೇ ಅಲ್ಲಿ.

ಹಾಗಾದರೆ ರ‍್ಯಾಮ್ ಬೇಡವಾ? ಬೇಕು, ಎಲ್ಲರಿಗೂ ಅಲ್ಲ. ರ‍್ಯಾಮ್ ತುಂಬಿಹೋದರೆ ವಿಂಡೋಸ್ ಕೆಲವನ್ನು ತಾತ್ಕಾಲಿಕವಾಗಿ ಡಿಸ್ಕಿಗೆ ತಳ್ಳುತ್ತದೆ, ಬೇಕಾದಾಗ ಮತ್ತೆ ಎಳೆದುಕೊಳ್ಳುತ್ತದೆ. ಆ ಡಿಸ್ಕೇ ಆಮೆ ಆದರೆ ಎಲ್ಲವೂ ನಿಂತುಬಿಡುತ್ತದೆ. ಹೊರಗಿನಿಂದ ನೋಡಿದರೆ ಎರಡು ಕಾಯಿಲೆಗೂ ಒಂದೇ ಲಕ್ಷಣ. ಯಾವುದು ಅಂತ ಮನೆಯಲ್ಲೇ ನೋಡಬಹುದು. ಯಾವಾಗಲೂ ಬಳಸುವ ಪ್ರೋಗ್ರಾಮ್‌ಗಳನ್ನೆಲ್ಲ ತೆರೆದಿಟ್ಟು ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ಬರುತ್ತದೆ. ಮೆಮೊರಿ ನೂರಕ್ಕೆ 50, 60 ಇದ್ದು ಡಿಸ್ಕ್ ಮಾತ್ರ 100ರಲ್ಲೇ ಕೂತಿದ್ದರೆ ರ‍್ಯಾಮ್ ಹಾಕಿ ಪ್ರಯೋಜನವಿಲ್ಲ. ಮೆಮೊರಿಯೇ 90 ದಾಟಿದ್ದರೆ ರ‍್ಯಾಮ್ ಬೇಕು. ಬರುವ ಮುಂಚೆ ಆ ಪರದೆಯ ಒಂದು ಫೋಟೊ ಕಳಿಸಿದರೆ ನಮ್ಮ ಅರ್ಧ ಕೆಲಸ ಆದಂತೆ.

ನಮ್ಮ ಅನುಭವದಲ್ಲಿ 4ರಿಂದ 8 ಜಿಬಿಗೆ ಹೋದರೆ ವ್ಯತ್ಯಾಸ ಕಾಣುತ್ತದೆ. 8ರಿಂದ 16 ಅಂದರೆ, ಬ್ರೌಸರಿನಲ್ಲಿ ನಲವತ್ತು ಟ್ಯಾಬ್ ತೆರೆದಿಡುವವರಿಗೆ, ಫೋಟೊ ವಿಡಿಯೊ ಎಡಿಟ್ ಮಾಡುವವರಿಗೆ ಸರಿ, ಉಳಿದವರಿಗೆ ಖರ್ಚಷ್ಟೇ. 32 ಬಿಟ್ ವಿಂಡೋಸ್ ಇದ್ದರೆ ಅಂತೂ 4 ಜಿಬಿ ದಾಟಿ ಎಷ್ಟು ಹಾಕಿದರೂ ಅದು ಮುಟ್ಟುವುದಿಲ್ಲ.

ಒಂದು ಕೋರಿಕೆ. ದಯವಿಟ್ಟು ನಮ್ಮನ್ನು ಕೇಳದೆ ಆನ್‌ಲೈನ್‌ನಲ್ಲಿ ರ‍್ಯಾಮ್ ತರಿಸಬೇಡಿ. ರ‍್ಯಾಮಿನಲ್ಲೂ ತಲೆಮಾರುಗಳಿವೆ: ಡಿಡಿಆರ್3 ಸ್ಲಾಟಿಗೆ ಡಿಡಿಆರ್4 ಕೂರುವುದಿಲ್ಲ, ಕೆಳಗಿನ ಕಚ್ಚು ಬೇರೆ ಜಾಗದಲ್ಲಿರುತ್ತದೆ, ಬಲ ಹಾಕಿದರೆ ಮುರಿಯುವುದು ಬೋರ್ಡು. ಕೆಲವು ಲ್ಯಾಪ್‌ಟಾಪ್‌ಗಳಿಗೆ 1.35 ವೋಲ್ಟಿನ ಡಿಡಿಆರ್3ಎಲ್ ಮಾತ್ರ ಆಗುತ್ತದೆ, ಮಾಮೂಲಿ 1.5 ವೋಲ್ಟಿನದು ಹಾಕಿದರೆ ಆನ್ ಆಗುವುದಿಲ್ಲ. ತೆಳು ಲ್ಯಾಪ್‌ಟಾಪ್‌ಗಳಲ್ಲಿ ಎಷ್ಟೋ ಸಲ ರ‍್ಯಾಮನ್ನು ಬೋರ್ಡಿಗೇ ಬೆಸುಗೆ ಹಾಕಿರುತ್ತಾರೆ, ಅಲ್ಲಿ ನಾವು ಕೈ ಮುಗಿಯುತ್ತೇವೆ. ಎಸ್‌ಎಸ್‌ಡಿಯದ್ದೂ ಇದೇ ಕಥೆ: ಉದ್ದನೆ ಪಟ್ಟಿಯಂಥ ಎಂ.2 ಎಸ್‌ಎಸ್‌ಡಿಗಳು ನೋಡಲು ಒಂದೇ ಥರ ಇದ್ದರೂ ಬೋರ್ಡಿನ ಜೊತೆ ಮಾತಾಡುವ ರೀತಿಯಲ್ಲಿ ಸಾಟಾ ಬೇರೆ, ಎನ್‌ವಿಎಂಇ ಬೇರೆ, ಹಳೇ ಬೋರ್ಡುಗಳು ಎನ್‌ವಿಎಂಇಯಿಂದ ಬೂಟ್ ಆಗುವುದೇ ಕಷ್ಟ. ಹಳೇ ಮಷೀನಿಗೆ 2.5 ಇಂಚಿನ ಸಾಟಾ ಎಸ್‌ಎಸ್‌ಡಿ ಸಾಕು.

(ಅಂದ ಹಾಗೆ, ಹೊಸ ರ‍್ಯಾಮ್ ಹಾಕಿದ ಮೇಲೆ ಪರದೆ ಕಪ್ಪಾಗಿ ಬೀಪ್ ಬೀಪ್ ಅಂದರೆ ಗಾಬರಿ ಬೇಡ. ಹತ್ತರಲ್ಲಿ ಎಂಟು ಸಲ ಅದು ಸರಿಯಾಗಿ ಕೂತಿರುವುದಿಲ್ಲ. ತೆಗೆದು, ಚಿನ್ನದ ಬಣ್ಣದ ಅಂಚನ್ನು ಪೆನ್ಸಿಲ್ ರಬ್ಬರಿನಿಂದ ಮೆತ್ತಗೆ ಉಜ್ಜಿ, ಪುಡಿ ಊದಿ, ಎರಡೂ ಕಡೆ ಕ್ಲಿಪ್ 'ಟಕ್' ಅನ್ನುವವರೆಗೆ ಒತ್ತಿದರೆ ಸರಿಹೋಗುತ್ತದೆ. ಪ್ಲಗ್ ಕಿತ್ತ ಮೇಲೆ ಮಾಡಿ ಅಂತ ಹೇಳಬೇಕಿಲ್ಲ ತಾನೇ.)

ಬದಲಾವಣೆ ಇನ್ನೊಂದಿದೆ. ಡಿಸ್ಕ್ ಬದಲಿಸಿದರೆ ಹಳೇದನ್ನು ನಾವು ಇಟ್ಟುಕೊಳ್ಳುವುದಿಲ್ಲ, ಅಳಿಸುವುದೂ ಇಲ್ಲ, ನಿಮ್ಮ ಕೈಗೇ ಕೊಡುತ್ತೇವೆ. ಎರಡು ತಿಂಗಳು ಹಾಗೇ ಇಡಿ. ಯಾವುದೋ ಫೋಲ್ಡರ್ ಬಂದಿಲ್ಲ ಅಂತ ನೆನಪಾಗುವುದು ಯಾವಾಗಲೂ ಮೂರನೇ ವಾರದಲ್ಲಿ. ಇನ್ನೊಂದು ವಿಷಯ: ಹಾರ್ಡ್ ಡಿಸ್ಕಿನಲ್ಲಿ ಅಳಿಸಿದ ಫೈಲನ್ನು ಎಷ್ಟೋ ಸಲ ವಾಪಸ್ ತರಬಹುದಿತ್ತು. ಎಸ್‌ಎಸ್‌ಡಿಯಲ್ಲಿ ಅಳಿಸಿದ ಜಾಗವನ್ನು ಅದು ತಾನೇ ಬೇಗ ಖಾಲಿ ಮಾಡಿಕೊಳ್ಳುತ್ತದೆ, ಆಮೇಲೆ ನಮ್ಮ ಹತ್ತಿರ ತಂದರೂ ಸಾಮಾನ್ಯವಾಗಿ ಏನೂ ಸಿಗುವುದಿಲ್ಲ.

ಕೆಲವರಿಗೆ ನಾವು "ಇದಕ್ಕೆ ದುಡ್ಡು ಹಾಕಬೇಡಿ" ಅಂತಲೂ ಹೇಳುತ್ತೇವೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11ಕ್ಕೆ ಟಿಪಿಎಂ 2.0 (ಬೋರ್ಡಿನಲ್ಲಿರುವ ಭದ್ರತೆಯ ವ್ಯವಸ್ಥೆ) ಬೇಕು, ಇಂಟೆಲ್ ಆದರೆ ಹೆಚ್ಚುಕಡಿಮೆ 8ನೇ ತಲೆಮಾರಿನ ಅಥವಾ ಅದಕ್ಕಿಂತ ಹೊಸ ಪ್ರೊಸೆಸರ್ ಬೇಕು. ಎಸ್‌ಎಸ್‌ಡಿ, ರ‍್ಯಾಮ್ ಎಷ್ಟೇ ಹಾಕಿದರೂ ಪ್ರೊಸೆಸರಿನ ವಯಸ್ಸು ಕಮ್ಮಿಯಾಗುವುದಿಲ್ಲ. ಅಂಥ ಮಷೀನಿಗೆ ವಿಂಡೋಸ್ ಬದಲು ಲಿನಕ್ಸ್ ಹಾಕಿಕೊಂಡು ಬಳಸುತ್ತೀರಾದರೆ ಖುಷಿಯಿಂದ ಎಸ್‌ಎಸ್‌ಡಿ ಹಾಕಿಕೊಡುತ್ತೇವೆ. ಇಲ್ಲವಾದರೆ ಎರಡು ಸಲ ಯೋಚಿಸಿ.

ಈ ಹಿಂದೆ ನಮ್ಮ ಹತ್ತಿರ ಬರೀ ರ‍್ಯಾಮ್ ಹಾಕಿಸಿಕೊಂಡವರು ಯಾವಾಗ ಬೇಕಾದರೂ ಬನ್ನಿ, ಡಿಸ್ಕ್ ಪರೀಕ್ಷೆ ಉಚಿತ. ಬರುವಾಗ ಲಾಗಿನ್ ಪಾಸ್‌ವರ್ಡ್ ನೆನಪಿರಲಿ. ಬಿಟ್‌ಲಾಕರ್ (ಡಿಸ್ಕಿಗೆ ವಿಂಡೋಸ್ ಹಾಕುವ ಬೀಗ) ಆನ್ ಇದ್ದರೆ 48 ಅಂಕಿಯ ರಿಕವರಿ ಕೀ ಬರೆದು ತನ್ನಿ, ಅದಿಲ್ಲದೆ ಸರಿಯಾಗಿರುವ ಡಿಸ್ಕಿನಿಂದಲೂ ಏನೂ ತೆಗೆಯಲು ಆಗುವುದಿಲ್ಲ. ಟಿಕ್ ಟಿಕ್ ಸದ್ದು ಬರುತ್ತಿದ್ದರೆ ಮಾತ್ರ ಇನ್ನೊಂದು ಸಲ ಆನ್ ಮಾಡಿ ನೋಡೋಣ ಅನ್ನಬೇಡಿ, ಆಫ್ ಮಾಡಿ ಹಾಗೇ ತನ್ನಿ. ಲ್ಯಾಪ್‌ಟಾಪ್ ಆದರೆ ಚಾರ್ಜರ್ ಸಮೇತ.

ಇಂತಿ,
ನಿಮ್ಮ ಕಂಪ್ಯೂಟರ್ ರಿಪೇರಿಯವರು