ಬಾಣಂತಿಯರ ಮನೆ ಭೇಟಿಯಲ್ಲಿ ಇನ್ನು ಮುಂದೆ ಕೇಳಬೇಕಾದದ್ದು

ಮಂಡ್ಯ ತಾಲ್ಲೂಕಿನ ಆಶಾ ಕಾರ್ಯಕರ್ತೆಯರ ಗಮನಕ್ಕೆ,

ಬಾಣಂತಿಯ ಮನೆಗೆ ಹೋದಾಗ ನಾವು ಮಗುವಿನ ತೂಕ, ಎದೆಹಾಲು, ಲಸಿಕೆಗಳನ್ನು ವಿಚಾರಿಸುತ್ತೇವೆಯೇ ಹೊರತು, ಹೆರಿಗೆಯ ಹೊತ್ತಿನಲ್ಲಿ ಆಕೆಯೊಂದಿಗೆ ಹೇಗೆ ನಡೆದುಕೊಂಡರು ಎಂಬುದನ್ನು ಕೇಳುವುದು ಅಪರೂಪ. ಇನ್ನು ಮುಂದೆ ಅದನ್ನೂ ಕೇಳಬೇಕೆಂದು ಕೋರುತ್ತೇನೆ.

ತಪಾಸಣೆಗೆ ಮುನ್ನ ಒಪ್ಪಿಗೆ ಕೇಳಿದರೇ, ಪರದೆ ಎಳೆದಿದ್ದರೇ, ನೋವಿಗೆ ಕೂಗಿದಾಗ ಗದರಿದರೇ, ತಾಯಿಯೋ ಅಕ್ಕನೋ ಜೊತೆಗಿರಲು ಬಿಟ್ಟರೇ ಎಂಬುದನ್ನು, ಮನೆಯ ಹಿರಿಯರು ಎದುರಿಗಿಲ್ಲದ ಸಮಯ ನೋಡಿ ಸಾವಧಾನವಾಗಿ ಕೇಳಿ. ‘ಎಲ್ಲಾ ಚೆನ್ನಾಗಿತ್ತು ಅಕ್ಕಾ’ ಎಂಬ ಮೊದಲ ಉತ್ತರಕ್ಕೇ ಪುಸ್ತಕ ಮುಚ್ಚಬೇಡಿ. ಮಗು ಕ್ಷೇಮವಾಗಿದ್ದರೆ ಸಾಕೆಂದು ಬೈಗುಳ ನುಂಗಿಕೊಂಡವರು ನಮ್ಮ ಗುಂಪಿನಲ್ಲೇ ಇದ್ದೇವೆ, ನಾನೂ ಸೇರಿದಂತೆ.

ಹೆರಿಗೆಯ ಹೊತ್ತಿನಲ್ಲಿ ಗೌರವದಿಂದ ನಡೆಸಿಕೊಳ್ಳುವುದು ಯಾರೋ ಮಾಡುವ ಉಪಕಾರವಲ್ಲ. ಕೇಂದ್ರ ಆರೋಗ್ಯ ಸಚಿವಾಲಯ ಹೆರಿಗೆ ಕೋಣೆಗಳ ಗುಣಮಟ್ಟ ಸುಧಾರಿಸಲು 2017ರಲ್ಲಿ ಆರಂಭಿಸಿದ ‘ಲಕ್ಷ್ಯ’ ಕಾರ್ಯಕ್ರಮದ ಗುರಿಗಳಲ್ಲಿ ಗೌರವಯುತ ಹೆರಿಗೆ ಆರೈಕೆಯೂ ಸೇರಿದೆ. ವಿಶ್ವ ಆರೋಗ್ಯ ಸಂಸ್ಥೆಯ 2018ರ ಮಾರ್ಗಸೂಚಿಯು, ಗರ್ಭಿಣಿ ತಾನು ಬಯಸಿದವರನ್ನು ಜೊತೆಗಿರಿಸಿಕೊಳ್ಳುವುದನ್ನೂ, ತೊಡಕಿನ ಸಂಭವ ಕಡಿಮೆಯಿರುವವರು ಹೆರಿಗೆ ನೋವಿನ ನಡುವೆ ಓಡಾಡುವುದನ್ನೂ, ನೀರು, ಆಹಾರ ಸೇವಿಸುವುದನ್ನೂ ಶಿಫಾರಸು ಮಾಡುತ್ತದೆ. ಅಗತ್ಯವಿರಲಿ, ಇಲ್ಲದಿರಲಿ ಎಲ್ಲರಿಗೂ ಮಗು ಹೊರಬರುವ ದಾರಿಯನ್ನು ಕೊಯ್ದು ಹೊಲಿಗೆ ಹಾಕುವುದನ್ನು ಅದು ಒಪ್ಪುವುದಿಲ್ಲ.

ತಾಯಿಯ ಹೆಸರು, ಊರು, ಆಸ್ಪತ್ರೆಯ ವಿವರಗಳನ್ನು ಈ ಗುಂಪಿನಲ್ಲಿ ದಯವಿಟ್ಟು ಹಾಕಬೇಡಿ. ಆಕೆ ಒಪ್ಪಿದರೆ ಮಾತ್ರ, ಹೇಳಿದ್ದನ್ನು ಆಕೆಯ ಮಾತಿನಲ್ಲೇ ಬರೆದು ತಿಂಗಳ ಸಭೆಗೆ ತನ್ನಿ.